ಕಾಯಿ ಹಣ್ಣಾಗುವ ದಾರಿ: ಚೌಕಾಬಾರ ಮತ್ತು ವಿಡಿಯೊ ಗೇಮ್ ಸರಣಿಗಳಲ್ಲಿ ಹಳಹಳಿಕೆ, ಹೊಸತನ

ಸಾರಾಂಶ

ಬಹುಕಾಲ ನಡೆದುಬಂದ ಆಟವೊಂದು ಹೊಸ ರೂಪ ತಳೆಯುವಾಗ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬಹುದು? ಹಲಗೂರು ಸೀಮೆಯ ಚೌಕಾಬಾರವನ್ನು ಮುಂದಿಟ್ಟುಕೊಂಡು ಈ ಲೇಖನ ಉತ್ತರ ಹುಡುಕುತ್ತದೆ. ಆಟಗಾರರ ಹಳಹಳಿಕೆ ಅಂಟಿಕೊಂಡಿರುವುದು ಸಲಕರಣೆಗಳಿಗಲ್ಲ. ಅದು ಆಟದೊಳಗಿನ ಅಪಾಯಕ್ಕೆ ಮತ್ತು ಆಡುವವರ ನಡುವಿನ ಒಪ್ಪಂದಕ್ಕೆ ಅಂಟಿದ್ದು ಎಂಬುದು ಇಲ್ಲಿಯ ಪ್ರತಿಪಾದನೆ.

1. ಬದಲಾಗುತ್ತಲೇ ಬಂದ ಸಲಕರಣೆ

ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹಲಗೂರು, ಸುತ್ತಲ ಹಳ್ಳಿಗಳಿಗೆ ಹೋಬಳಿ ಕೇಂದ್ರ. ಈ ಸೀಮೆಯ ಜಗಲಿಗಳಲ್ಲಿ ಚೌಕಾಬಾರಕ್ಕೆ ಬೇಕಾದದ್ದು ನೆಲದ ಮೇಲೆ ಗೆರೆ ಎಳೆದ 25 ಮನೆ, ನಾಲ್ಕು ಕವಡೆ, ತಲಾ ನಾಲ್ಕು ಕಾಯಿ. ಕವಡೆ ಸಿಗದಿದ್ದರೆ ಒಂದು ಬದಿ ಬೆಳ್ಳಗಾಗುವಂತೆ ತೇಯ್ದ ಹುಣಸೆಬೀಜ, ಕಾಯಿಗೆ ಬಳೆಚೂರು ಇಲ್ಲವೇ ಕಲ್ಲುಹರಳು. ಮಣೆಯನ್ನು ಇದ್ದಿಲಲ್ಲಿ ಬರೆದರೂ ನಡೆಯುತ್ತದೆ, ಸೀಮೆಸುಣ್ಣದಲ್ಲಿ ಬರೆದರೂ ನಡೆಯುತ್ತದೆ. ಕೈಗೆ ಸಿಕ್ಕ ವಸ್ತುವಿನಲ್ಲಿ ಮೈತಳೆಯುತ್ತ ಬಂದ ಆಟವಿದು. ಆದ್ದರಿಂದ ಕವಡೆಯ ಚಿತ್ರವನ್ನು ಮೊಬೈಲ್ ಪರದೆಯ ಮೇಲೆ ಮೂಡಿಸಿದ ಮಾತ್ರಕ್ಕೆ ಪರಂಪರೆ ಉಳಿಯಿತು ಎನ್ನಲಾಗದು.

2. ಉಳಿಯಬೇಕಾದ ಅಪಾಯ

ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಎಲ್ಲವೂ ಬೋರಲಾದರೆ ಎಂಟು. ಈ ಗರಗಳಿಗೆ ಮತ್ತೊಮ್ಮೆ ಕವಡೆ ಬಿಡುವ ಅವಕಾಶವಿದೆ. ಹೊರಸುತ್ತಿನ 16 ಮನೆ ಬಳಸಿ, ಒಳಸುತ್ತಿನ 8 ಮನೆ ದಾಟಿ ನಡುಮನೆ ಸೇರಿದ ಕಾಯಿ ‘ಹಣ್ಣಾಗುತ್ತದೆ’. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಒಳಸುತ್ತು ಎಲ್ಲರಿಗೂ ಸೇರಿದ್ದರಿಂದ, ಹಣ್ಣಾಗಲು ಒಂದೇ ಮನೆ ಬಾಕಿಯಿರುವ ಕಾಯಿಯೂ ಹೊಡೆತ ತಿಂದು ತಾನು ಹೊರಟ ಮನೆಗೆ ಮರಳಬಹುದು.

ಪಗಡೆ, ಪಚ್ಚೀಸಿಗಳ ಬಳಗದಿಂದಲೇ ಹೊರಟ ಲೂಡೊಗೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆಯಿತು. ಅದರಲ್ಲಿ ಕವಡೆಯ ಜಾಗಕ್ಕೆ ದಾಳ ಬಂತು ಎಂಬುದು ಕಣ್ಣಿಗೆ ಕಾಣುವ ವ್ಯತ್ಯಾಸ. ಚೌಕಾಬಾರದೊಡನೆ ಹೋಲಿಸಿದಾಗ ಹೆಚ್ಚು ಆಳವಾದ ವ್ಯತ್ಯಾಸವೊಂದು ಸಿಗುತ್ತದೆ. ಲೂಡೊದ ಕೊನೆಯ ಸಾಲು ಆಯಾ ಬಣ್ಣದವರಿಗೇ ಮೀಸಲು. ಅಲ್ಲಿಗೆ ಹೊಕ್ಕ ಕಾಯಿಯನ್ನು ಯಾರೂ ಹೊಡೆಯಲಾರರು. 2016ರಲ್ಲಿ ಬಂದು 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮಾತಾದ ‘ಲೂಡೊ ಕಿಂಗ್’ ಮುಂದುವರಿಸಿದ್ದು ಈ ನಿಶ್ಚಿಂತ ಸಾಲನ್ನೇ. ಜಗಲಿಯಲ್ಲಿ ಆಡಿ ಬೆಳೆದವರಿಗೆ ಅದರಲ್ಲಿ ಏನೋ ಸಪ್ಪೆ ಅನ್ನಿಸಿದರೆ ಕಾರಣ ಇಲ್ಲಿದೆ. ಅವರು ಕಳೆದುಕೊಂಡದ್ದು ಕವಡೆಯ ಸದ್ದಿಗಿಂತ ಮಿಗಿಲಾಗಿ ಆ ಕೊನೆಯ ಮನೆಯ ನಡುಕ.

3. ಸರಣಿಗಳ ಸಾಕ್ಷ್ಯ

ವಿಡಿಯೊ ಗೇಮ್ ಸರಣಿಗಳೂ ಇದನ್ನೇ ಹೇಳುತ್ತವೆ. ಜಪಾನಿನ ಕ್ಯಾಪ್‌ಕಾಮ್ ತನ್ನ 1998ರ ‘ರೆಸಿಡೆಂಟ್ ಈವಿಲ್ 2’ ಆಟವನ್ನು 2019ರಲ್ಲಿ ಹೊಸದಾಗಿ ಕಟ್ಟಿತು. ಕದಲದೆ ನಿಂತಿದ್ದ ಕ್ಯಾಮೆರಾ ಪಾತ್ರದ ಹೆಗಲ ಹಿಂದಕ್ಕೆ ಬಂತು. ಪೊಲೀಸ್ ಠಾಣೆಯ ಕತ್ತಲು, ಲೆಕ್ಕ ಹಾಕಿ ಬಳಸಬೇಕಾದ ಗುಂಡು, ಜೋಳಿಗೆಯಲ್ಲಿ ಸಾಲದ ಜಾಗ ಹಾಗೇ ಉಳಿದವು. ನೋಟ ಬದಲಾಯಿತು, ಭಯ ಬದಲಾಗಲಿಲ್ಲ. ಹಳಬರೂ ಹೊಸಬರೂ ಒಪ್ಪಿಕೊಂಡರು. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ಮೂರು ಹಳೆಯ ಆಟಗಳು 2021ರಲ್ಲಿ ಹೊಳಪು ಹೊತ್ತು ಮರಳಿದಾಗ ಹೀಗಾಗಲಿಲ್ಲ. ಪಾತ್ರಗಳ ಮುಖ ವಿಕಾರಗೊಂಡಿತ್ತು, ಸುರಿವ ಮಳೆಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಸರಣಿಯ ಒಡೆಯ ಸಂಸ್ಥೆ ರಾಕ್‌ಸ್ಟಾರ್ ಕ್ಷಮೆ ಕೇಳಿ, ಮಾರಾಟದಿಂದ ತೆಗೆದಿದ್ದ ಕಂಪ್ಯೂಟರಿನ ಹಳೆಯ ಆವೃತ್ತಿಗಳನ್ನು ಮತ್ತೆ ಒದಗಿಸಬೇಕಾಯಿತು. ಹಳೆಯ ಹೆಸರು ಜನರನ್ನು ಕರೆತರುತ್ತದೆ, ಕೂರಿಸಿಕೊಳ್ಳಬೇಕಾದದ್ದು ಆಟವೇ.

4. ಒಪ್ಪಂದದ ಹಕ್ಕು

ಜಗಲಿಯ ಆಟ ಕವಡೆ ಬಿಡುವ ಮೊದಲೇ ಮಾತಿನಲ್ಲಿ ಶುರುವಾಗುತ್ತದೆ. ಕಾಯಿ ಹೊಡೆದರೆ ಇನ್ನೊಂದು ಗರ ಉಂಟೇ? ಮೂರು ಸಲ ಸಾಲಾಗಿ ಚೌಕ ಬಿದ್ದರೆ ಲೆಕ್ಕಕ್ಕೋ, ವಜಾವೋ? ಒಂದೇ ಮನೆಯಲ್ಲಿ ಕೂತ ಜೋಡಿಕಾಯಿಯನ್ನು ಹೊಡೆಯಬಹುದೇ? ಊರಿಂದೂರಿಗೆ, ಮನೆಯಿಂದ ಮನೆಗೆ ಉತ್ತರ ಬೇರೆ. ಅಜ್ಜಿಯ ಮನೆಯ ನಿಯಮ ಹಿಡಿದು ವಾದಿಸುವ ಮಗು ಪರಂಪರೆಯನ್ನು ಉಳಿಸುತ್ತಿದೆ. ಅದನ್ನು ಒಪ್ಪದೆ ಇನ್ನೊಂದು ನಿಯಮ ಹೂಡುವ ಮಗು ಆಟವನ್ನು ಬೆಳೆಸುತ್ತಿದೆ. ಹಳಹಳಿಕೆ ಮತ್ತು ಹೊಸತನದ ಸಮತೋಲ ಇಲ್ಲಿ ಪ್ರತಿ ಆಟಕ್ಕೂ ಮೊದಲು, ಆಡುವವರಿಂದಲೇ ಆಗುತ್ತದೆ.

ಮೊಬೈಲ್ ಆಟದಲ್ಲಿ ನಿಯಮ ತಯಾರಕರ ಕೈಯಲ್ಲಿದೆ. ಆಟವನ್ನು ತಾವೇ ಕಟ್ಟಿಕೊಳ್ಳುವ ಹಕ್ಕನ್ನು ಆಡುವವರಿಗೆ ಭಾಗಶಃ ಮರಳಿ ಕೊಟ್ಟ ನಿದರ್ಶನವೂ ವಿಡಿಯೊ ಗೇಮ್‌ಗಳಲ್ಲಿ ಇದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಮೂವತ್ತು ತುಂಬಿದ 2015ರಲ್ಲಿ ನಿಂಟೆಂಡೊ ‘ಸೂಪರ್ ಮಾರಿಯೊ ಮೇಕರ್’ ತಂದು, ಹಳೆಯ ಇಟ್ಟಿಗೆ, ಕೊಳವೆಗಳಿಂದಲೇ ಹೊಸ ಹಂತಗಳನ್ನು ಕಟ್ಟುವ ಕೆಲಸವನ್ನು ಆಟಗಾರರಿಗೆ ಒಪ್ಪಿಸಿತು.

5. ಫಲಿತ

ಚೌಕಾಬಾರವನ್ನು ಡಿಜಿಟಲ್ ರೂಪಕ್ಕೆ ತರುವವರು ಕವಡೆಯ ಅಂದಕ್ಕೆ ದುಡಿಯುವ ಮೊದಲು ಮೂರನ್ನು ಕಾಯಬೇಕು: ಹೊಡೆಯದೆ ಒಳಗೆ ಬಿಡದ ಕಟ್ಟಳೆ, ಎಲ್ಲರೂ ಹಂಚಿಕೊಂಡ ಒಳಸುತ್ತು, ಆಟದ ಮುನ್ನ ಮಾತಾಡಿ ನಿಯಮ ಕಟ್ಟಿಕೊಳ್ಳುವ ಅವಕಾಶ. ಮೂರನೆಯದು ಸಾಧ್ಯವಾದರೆ ಉಳಿದೆರಡನ್ನು ಆಡುವವರೇ ಕಾಯುತ್ತಾರೆ. ಹಲಗೂರಿನ ಜಗಲಿಗಳಲ್ಲಿ ಕಾಯುತ್ತ ಬಂದವರೂ ಅವರೇ.