ಎರಡು ಚುಕ್ಕೆಗಳ ಲೆಕ್ಕ

ಪಾಶ್ಚಾತ್ಯ ಸಂಗೀತದ ಹಾಳೆ ನೋಡಿದ್ದರೆ ಈ ಗುರುತು ಕಣ್ಣಿಗೆ ಬಿದ್ದಿರುತ್ತೆ: ಒಂದು ತೆಳು ಗೆರೆ, ಒಂದು ದಪ್ಪ ಗೆರೆ, ಪಕ್ಕದಲ್ಲಿ ಒಂದರ ಮೇಲೊಂದು ಎರಡು ಚುಕ್ಕೆ. ಇಲ್ಲಿಂದ ಹಿಂದಕ್ಕೆ ಹೋಗಿ ಇನ್ನೊಂದು ಸಲ ನುಡಿಸಿ ಅಂತ ಅರ್ಥ. ನಮ್ಮಂಥ ಕೋಡ್ ಬರೆಯೋರ ಭಾಷೆಯಲ್ಲಿ ಹೇಳೋದಾದ್ರೆ, ಎರಡು ಸಲ ಓಡುವ ಫಾರ್ ಲೂಪ್. ಸಂಗೀತವನ್ನು ಕೈಯಲ್ಲೇ ನಕಲು ಮಾಡುತ್ತಿದ್ದ ಕಾಲಕ್ಕೆ ಈ ಚುಕ್ಕೆಗಳು ಉಳಿಸಿದ ಶಾಯಿ, ಕಾಗದ, ಶ್ರಮ ಕಡಿಮೆಯದ್ದಲ್ಲ.

ಹಾಗಂತ ಇದು ಬರೀ ಉಳಿತಾಯದ ಗುರುತಲ್ಲ. ಬೀಥೋವನ್‌ನ ಮೂರನೇ ಸಿಂಫನಿ ‘ಈರೋಯಿಕಾ’ದ ಮೊದಲ ಭಾಗದಲ್ಲಿ ಸುಮಾರು 150 ಬಾರ್‌ಗಳನ್ನು ಮತ್ತೆ ನುಡಿಸಬೇಕು. ಮೊದಲು ಬೀಥೋವನ್‌ಗೆ ಇದು ತೀರಾ ಉದ್ದವಾಯ್ತು ಅನ್ನಿಸಿತ್ತಂತೆ. ಆದರೆ ಕೆಲವು ಸಲ ನುಡಿಸಿ ಕೇಳಿದ ಮೇಲೆ, ಪುನರಾವರ್ತನೆ ಇಲ್ಲದಿದ್ದರೆ ಕೃತಿಗೇ ನಷ್ಟ ಅಂತ ತೀರ್ಮಾನಿಸಿದ. 1805ರಲ್ಲಿ ಅವನ ತಮ್ಮ ಕಾರ್ಲ್ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಈ ವಿಷಯ ಇದೆ. ಗಮನಿಸಿ, ತೀರ್ಮಾನ ಆಗಿದ್ದು ಹಾಳೆ ನೋಡಿ ಅಲ್ಲ, ಕಿವಿಯಿಂದ ಕೇಳಿ.

ಮುಂದೆ ಹಾಳೆ ಓದುವ ಮನುಷ್ಯನ ಜಾಗಕ್ಕೆ ಯಂತ್ರ ಬಂತು. ಇಪ್ಪತ್ತನೇ ಶತಮಾನದ ಆರಂಭದ ಪ್ಲೇಯರ್ ಪಿಯಾನೋದಲ್ಲಿ ತೂತು ಕೊರೆದ ಕಾಗದದ ಸುರುಳಿ ಓಡುತ್ತಿತ್ತು. ತೂತು ಬಂದಾಗ ಆ ಕೀಲಿ ನುಡಿಯುತ್ತಿತ್ತು. 1908ರಲ್ಲಿ ಅಮೆರಿಕದ ಬಫಲೋದಲ್ಲಿ ತಯಾರಕರು ಸೇರಿ ಸುರುಳಿಯ ಅಗಲ ಹನ್ನೊಂದೂಕಾಲು ಇಂಚು ಅಂತ ನಿಗದಿ ಮಾಡಿದರು. ಸುರುಳಿ ಒಂದೇ ದಿಕ್ಕಿಗೆ ಓಡುತ್ತೆ, ನಡುವೆ ಹಿಂದಕ್ಕೆ ಜಿಗಿಯೋ ಹಾಗಿಲ್ಲ. ಒಂದು ಭಾಗ ಎರಡು ಸಲ ಕೇಳಬೇಕಾ? ಎರಡು ಸಲ ತೂತು ಕೊರೀರಿ, ಅಷ್ಟೇ!

ಆ ಸುರುಳಿಯ ಮೊಮ್ಮಗನೇ ಮಿಡಿ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲಿ ಅಂತ 1983ರಲ್ಲಿ ಬಂದ ಒಪ್ಪಂದ ಅದು. 1988ರಲ್ಲಿ ಅದಕ್ಕೊಂದು ಫೈಲ್ ರೂಪವೂ ಬಂತು. ಅದರೊಳಗೆ ಇರೋದು ಸರಳ ಪಟ್ಟಿ: ಇಷ್ಟು ಹೊತ್ತಾದ ಮೇಲೆ ಈ ಸ್ವರ ಶುರು, ಇಷ್ಟು ಹೊತ್ತಾದ ಮೇಲೆ ಬಂದ್. ‘ಹಿಂದಕ್ಕೆ ಹೋಗು’ ಅನ್ನುವ ಚುಕ್ಕೆಗಳಿಗೆ ಅಲ್ಲಿ ಜಾಗ ಇಲ್ಲ.

ಇನ್ನು ಲಿಲಿಪಾಂಡ್‌ಗೆ ಬರೋಣ. 1996ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ ಶುರು ಮಾಡಿದ ಮುಕ್ತ ತಂತ್ರಾಂಶ. ಸಂಗೀತವನ್ನು ಕೋಡ್ ಥರ ಟೈಪ್ ಮಾಡಿದರೆ ಅಚ್ಚುಕಟ್ಟಾದ ಹಾಳೆ ಸಿಗುತ್ತೆ, ಬೇಕಂದ್ರೆ ಮಿಡಿ ಫೈಲೂ ಸಿಗುತ್ತೆ. ‘ರಿಪೀಟ್ ವೋಲ್ಟಾ 2’ ಅಂತ ಬರೆದರೆ ಹಾಳೆಯಲ್ಲಿ ಚುಕ್ಕೆ ಸರಿಯಾಗಿ ಮೂಡುತ್ತೆ. ಮಿಡಿ ಮಾತ್ರ ಒಂದೇ ಸಲ ನುಡಿಸಿ ಮುಂದೆ ಹೋಗುತ್ತೆ. ಬಗ್ ಅಲ್ಲ ಇದು, ಇರೋದೇ ಹಾಗೆ. ‘ಅನ್‌ಫೋಲ್ಡ್ ರಿಪೀಟ್ಸ್’ ಅಂತ ನಾವೇ ಹೇಳಬೇಕು. ಆಗ ಲೂಪ್ ಬಿಚ್ಚಿಕೊಂಡು ಎರಡು ಪ್ರತಿ ಆಗುತ್ತೆ, ಥೇಟ್ ಎರಡು ಸಲ ಕೊರೆದ ಸುರುಳಿಯ ಹಾಗೆ. ಹಾಳೆಯಲ್ಲೂ ಬಿಚ್ಚಿಕೊಂಡರೆ ಪುಟಗಳು ಸುಮ್ಮನೆ ಬೆಳೆಯುತ್ತವೆ. ಅದಕ್ಕೇ ಬಲ್ಲವರು ಸಂಗೀತವನ್ನು ಒಂದು ವೇರಿಯೇಬಲ್‌ನಲ್ಲಿಟ್ಟು, ಹಾಳೆಗೆ ಮಡಚಿದ್ದನ್ನೂ ಕಿವಿಗೆ ಬಿಚ್ಚಿದ್ದನ್ನೂ ಕೊಡುತ್ತಾರೆ.

ಬಿಚ್ಚೋದೂ ಬರೀ ಎಣಿಕೆಯಲ್ಲ. ಮಿನ್ಯುಯೆಟ್‌ಗಳಲ್ಲಿ ‘ದಾ ಕಾಪೋ’ ಅಂತ ಮೊದಲಿಗೆ ಮರಳಿದಾಗ ಒಳಗಿನ ಪುನರಾವರ್ತನೆಗಳನ್ನು ಬಿಡುವುದು ವಾದಕರ ರೂಢಿ. ಹಾಳೆಯಲ್ಲಿ ಸಾಮಾನ್ಯವಾಗಿ ಅದನ್ನು ಬರೆದಿರಲ್ಲ. ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಂದದ್ದು. ನಾವು ಹೇಳದಿದ್ದರೆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

‘ಪ್ಲೇಬ್ಯಾಕ್ ತಾನೇ, ಒಂದು ಸಲ ಕೇಳಿದ್ರೆ ಸಾಕಲ್ವಾ’ ಅನ್ನೋರಿದ್ದಾರೆ. ತಪ್ಪು ಸ್ವರ ಹುಡುಕಲು ಸಾಕು, ಒಪ್ಪಿದೆ. ಆದರೆ ಉದ್ದ ಹೆಚ್ಚಾಯಿತೇ, ಎರಡನೇ ಸಲ ಅದೇ ಸಾಲು ಬೇಸರ ತರುತ್ತಾ ಇಲ್ಲಾ ಹಳೇ ಪರಿಚಯದ ಖುಷಿ ಕೊಡುತ್ತಾ ಅನ್ನೋದು ಪೂರ್ತಿ ಕೇಳದೆ ತಿಳಿಯಲ್ಲ. ಅದನ್ನು ತಿಳಿಯಲು ಬೀಥೋವನ್‌ಗೆ ಇಡೀ ವಾದ್ಯವೃಂದ ಬೇಕಾಯಿತು. ನಮಗೆ ಒಂದು ಸಾಲಿನ ಆಜ್ಞೆ ಸಾಕು. ಬರೆಯೋಕೆ ಮರೀಬೇಡಿ.