ಆಂಗ್ಲ ಶಬ್ದ-ವ್ಯಾಕರಣಗಳ ಪರೀಕ್ಷೆಯೂ ನಮ್ಮ ನಾಡಿನ ವಿದ್ಯಾರ್ಥಿಗಳೂ

ವಿದ್ಯಾದಾನವು ಮಠಗಳಿಗೆ ಹೊಸದಾಗಿ ಬಂದ ಕಾರ್ಯವಲ್ಲವೆಂಬುದು ಭಕ್ತಮಹಾಶಯರಿಗೆ ವಿದಿತವೇ ಇದೆ. ಕನ್ನಡ ನಾಡಿನಲ್ಲಿ ಒಂದು ಕಾಲಕ್ಕೆ ಮಠವೆಂದರೇ ಶಾಲೆ, ಐಗಳೆಂದರೇ ಗುರುಗಳು. ಹಳೆಯ ಮೈಸೂರಿನ ಕಡೆಯ ಕೂಲಿಮಠವೆಂಬ ಮಾತೂ, ಧಾರವಾಡ ಬೆಳಗಾವಿಗಳ ಕಡೆಯ ಸಾಲಿಮಠವೆಂಬ ಮನೆತನದ ಹೆಸರೂ ಇದಕ್ಕೆ ಸಾಕ್ಷಿಯಾಗಿವೆ. ಮುಂಬಯಿ ಸರಕಾರದ ವಿದ್ಯಾಖಾತೆಯವರು 1860ರ ದಶಕದಲ್ಲಿ ಕನ್ನಡ ಶಾಲೆಗಳಿಗಾಗಿ ಹೊರಡಿಸಿದ ಪತ್ರಿಕೆಗೆ ‘ಮಠಪತ್ರಿಕೆ’ಯೆಂದೇ ಹೆಸರಿಟ್ಟಿದ್ದರು.

ಆ ಮಠಗಳಲ್ಲಿಯೂ ಸಂಸ್ಕೃತ ಪಾಠಶಾಲೆಗಳಲ್ಲಿಯೂ ಪರೀಕ್ಷೆಯೇ ಇರಲಿಲ್ಲವೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಪರೀಕ್ಷೆಯು ನಿತ್ಯವೂ ಇತ್ತು. ರೂಪಾವಳಿಯನ್ನೂ ಅಮರಕೋಶವನ್ನೂ ಕಂಠಸ್ಥ ಮಾಡಿದ ಬಾಲಕನು ಮರುದಿನ ಗುರುಗಳ ಮುಂದೆ ನಿಂತು ಒಪ್ಪಿಸಬೇಕು. ಕಾವ್ಯಪಾಠಕ್ಕೆ ಬಂದ ಮೇಲೆ ಒಂದೊಂದು ಶ್ಲೋಕಕ್ಕೂ ಪದಚ್ಛೇದ, ಅನ್ವಯ, ವಿಗ್ರಹವಾಕ್ಯ, ತಾತ್ಪರ್ಯಗಳನ್ನು ಹೇಳಬೇಕು. ತಪ್ಪಿದರೆ ಅದೇ ಪಾಠವು ಮರುದಿನಕ್ಕೆ ನಿಲ್ಲುತ್ತಿತ್ತೇ ಹೊರತು ಬಾಲಕನ ಬಾಳು ನಿಲ್ಲುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾಡಿಗೆ ಬಂದ ಆಂಗ್ಲ ಪರೀಕ್ಷೆಯು ಬೇರೊಂದು ಬಗೆಯದಾಗಿತ್ತು.

1835ರಲ್ಲಿ ಮೆಕಾಲೆ ಸಾಹೇಬರ ಅಭಿಪ್ರಾಯಪತ್ರವನ್ನು ಅನುಸರಿಸಿ ಲಾರ್ಡ್ ಬೆಂಟಿಂಕರು ವಿದ್ಯೆಗೆಂದು ತೆಗೆದಿರಿಸಿದ ದ್ರವ್ಯವನ್ನು ಆಂಗ್ಲ ಶಿಕ್ಷಣಕ್ಕೆ ತಿರುಗಿಸಿದ ವೃತ್ತಾಂತವು ಪ್ರಸಿದ್ಧವಾಗಿದೆ. 1854ರ ವುಡ್ ಸಾಹೇಬರ ಪತ್ರದ ಫಲವಾಗಿ 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸು ಈ ಮೂರು ಪಟ್ಟಣಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದುವು. ಅವು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪರೀಕ್ಷೆ ನಡೆಯಿಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದುವು. ಅವುಗಳ ಹೆಬ್ಬಾಗಿಲೇ ಮ್ಯಾಟ್ರಿಕ್ಯುಲೇಶನ್ ಎಂಬ ಪ್ರವೇಶ ಪರೀಕ್ಷೆ. ಆರಂಭದ ಕೆಲವು ವರ್ಷ ಚರಿತ್ರೆ ಭೂಗೋಲಾದಿಗಳಿಗೆ ದೇಶಭಾಷೆಯಲ್ಲಿ ಉತ್ತರ ಬರೆಯಲು ಅವಕಾಶವಿದ್ದಿತಾದರೂ 1862ರ ಸುಮಾರಿಗೆ ಅದು ನಿಂತುಹೋಗಿ, ಎಲ್ಲ ವಿಷಯಗಳಿಗೂ ಇಂಗ್ಲಿಷೇ ಉತ್ತರದ ಭಾಷೆಯಾಯಿತು. ಅಂದಿನಿಂದ ಹಾಯಸ್ಕೂಲು ವಿದ್ಯಾರ್ಥಿಯ ಆಂಗ್ಲ ಜ್ಞಾನವು ಎರಡು ಸಲ ತೂಗಲ್ಪಡುತ್ತಿತ್ತು: ಇಂಗ್ಲಿಷಿನ ಪ್ರಶ್ನಪತ್ರಿಕೆಯಲ್ಲಿ ಒಮ್ಮೆ, ಉಳಿದೆಲ್ಲ ಪತ್ರಿಕೆಗಳಲ್ಲಿ ಇನ್ನೊಮ್ಮೆ. ಗಣಿತದಲ್ಲಿ ಜಾಣನಾದವನೂ ಇಂಗ್ಲಿಷಿನಲ್ಲಿ ತಪ್ಪಿದರೆ ಇಡೀ ಪರೀಕ್ಷೆಯಲ್ಲಿಯೇ ತಪ್ಪಿದಂತೆ. ಸರಕಾರಿ ಚಾಕರಿಯೂ ಕಾಲೇಜೂ ವಕೀಲಿಯೂ ಆ ಬಾಗಿಲಿನ ಆಚೆಗಿದ್ದುವು.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಇಂಗ್ಲಿಷು ಶಾಲೆಗಳು ಬಹು ವಿರಳವಾಗಿದ್ದುವು. ಧಾರವಾಡದಲ್ಲಿ 1848ರಲ್ಲಿ ಇಂಗ್ಲಿಷು ಶಾಲೆ ತೆರೆಯಿತು. ಡೆಪ್ಯುಟಿ ಚೆನ್ನಬಸಪ್ಪನವರು ಇಂಗ್ಲಿಷು ಕಲಿಯುವುದಕ್ಕಾಗಿ ಪುಣೆಗೆ ಹೋಗಬೇಕಾಯಿತು. ಅವರು ಕಲಿತು ಬಂದು ಮಾಡಿದ್ದೇನು? ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಶಿಕ್ಷಕರನ್ನು ತರಬೇತುಗೊಳಿಸಿದರು. ಶೇಕ್ಸಪಿಯರನ ನಾಟಕವೊಂದನ್ನು ಕನ್ನಡಕ್ಕೆ ತಂದರು. 1881ರಲ್ಲಿ ಲಿಂಗೈಕ್ಯರಾಗುವವರೆಗೆ ಕನ್ನಡ ಶಾಲೆಗಳಿಗಾಗಿ ದುಡಿದರು. ಇಂಗ್ಲಿಷು ಕಲಿತರೆ ಹುಡುಗನು ಮತವನ್ನೂ ನುಡಿಯನ್ನೂ ಬಿಡುವನೆಂಬ ಭಯವು ಅಂದಿನ ಹಿರಿಯರಲ್ಲಿ ಇದ್ದೇ ಇತ್ತು. ಅವರಂಥವರ ಉದಾಹರಣೆಯಿಂದಲೂ ಆ ಭಯವು ಬೇಗನೆ ಹೋಗಲಿಲ್ಲ.

ಇನ್ನು ಆ ಪರೀಕ್ಷೆಯಲ್ಲಿ ಕೇಳುತ್ತಿದ್ದುದೇನೆಂಬುದನ್ನು ನೋಡುವಾ. ವಾಕ್ಯವನ್ನು ಅಂಗಾಂಗಗಳಾಗಿ ವಿಭಜಿಸುವುದು, ಒಂದೊಂದು ಪದವನ್ನೂ ಹಿಡಿದು ಅದರ ಜಾತಿ, ಲಿಂಗ, ವಚನ, ಕಾರಕಗಳನ್ನು ಹೇಳುವ ಪಾರ್ಸಿಂಗ್, ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದು, ನೇರ ಮಾತನ್ನು ಪರೋಕ್ಷ ಮಾತಾಗಿ ಮಾಡುವುದು, ಬಿಟ್ಟ ಸ್ಥಳದಲ್ಲಿ ತಕ್ಕ ಅವ್ಯಯವನ್ನು ತುಂಬುವುದು, ತಪ್ಪು ವಾಕ್ಯವನ್ನು ತಿದ್ದುವುದು, ಪದ್ಯವನ್ನು ಗದ್ಯಕ್ಕಿಳಿಸುವುದು, ದೇಶಭಾಷೆಯಿಂದ ಇಂಗ್ಲಿಷಿಗೆ ಭಾಷಾಂತರ, ಕಡೆಯಲ್ಲೊಂದು ನಿಬಂಧ. ಉತ್ತರ ಹಿಂದುಸ್ಥಾನದ ವಿದ್ಯಾಖಾತೆಯಲ್ಲಿದ್ದ ನೆಸ್‌ಫೀಲ್ಡ್ ಸಾಹೇಬರ ವ್ಯಾಕರಣಗಳು 1890ರ ದಶಕದಿಂದ ಈ ಮಾದರಿಯನ್ನು ದೇಶದಲ್ಲೆಲ್ಲ ಹರಡಿದುವು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಇವರ ಹಾಯಸ್ಕೂಲು ವ್ಯಾಕರಣವು ಬಂದಿತು. ರೆನ್ ಸಾಹೇಬರು ಮುಂಬಯಿ ಪ್ರಾಂತದ ವಿದ್ಯಾಖಾತೆಯಲ್ಲಿದ್ದವರು; ಮರುಭೂಮಿಯ ಸೈನಿಕರ ಸಾಹಸಕಥೆಗಳನ್ನು ಬರೆದು ವಿಲಾಯತಿಯಲ್ಲಿ ಹೆಸರಾದವರೂ ಅವರೇ. ಅವರ ಕಾದಂಬರಿಗಳನ್ನು ಇಲ್ಲಿ ಓದಿದವರು ಕಡಿಮೆ. ಅವರ ವ್ಯಾಕರಣವನ್ನು ಉರುಹೊಡೆಯದ ಹಾಯಸ್ಕೂಲು ಹುಡುಗನು ಅಪರೂಪ.

ಕನ್ನಡ ಬಾಲಕನಿಗೆ ಈ ಪ್ರಶ್ನೆಗಳು ಏಕೆ ಕಠಿನವಾಗಿದ್ದುವೆಂಬುದನ್ನು ಅವನ ಮನೆಯ ನುಡಿಯಿಂದಲೇ ತಿಳಿಯಬೇಕು. ಕೋಣೆಯಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ ಎಂದು ಅವನು ಒಂದೇ ಸಪ್ತಮೀ ವಿಭಕ್ತಿಯಿಂದ ಹೇಳುವುದನ್ನು ಇಂಗ್ಲಿಷಿನವನು ‘ಇನ್’, ‘ಆನ್’, ‘ಅಟ್’ ಎಂದು ಮೂರಾಗಿ ಹೇಳುವನು. ‘ಎ’, ‘ಆನ್’, ‘ದಿ’ ಎಂಬ ಉಪಪದಗಳಿಗೆ ಸರಿಯಾದುದು ಕನ್ನಡದಲ್ಲಿಲ್ಲ. “ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದನು” ಎಂಬ ವಾಕ್ಯದಲ್ಲಿ ‘ಎಂದು’ ಎಂಬ ಒಂದೇ ಪದವು ಆಡಿದವನ ಮಾತನ್ನು ಆಡಿದಂತೆಯೇ ಕಾಪಾಡಿಕೊಳ್ಳುತ್ತದೆ. ಇಂಗ್ಲಿಷಿನ ಪರೋಕ್ಷ ಮಾತಿನಲ್ಲಾದರೋ ‘ನಾನು’ ಎಂಬುದು ‘ಅವನು’ ಆಗಬೇಕು, ‘ನಾಳೆ’ ಎಂಬುದು ‘ಮರುದಿನ’ವಾಗಬೇಕು, ಭವಿಷ್ಯತ್ತಿನ ಕ್ರಿಯೆಯೂ ಭೂತದ ಕಡೆಗೆ ಸರಿಯಬೇಕು. ಇನ್ನು ಕರ್ಮಣಿಪ್ರಯೋಗ. “ರಾಮನಿಂದ ಹಣ್ಣು ತಿನ್ನಲ್ಪಟ್ಟಿತು” ಎಂದು ಕನ್ನಡ ನಾಡಿನ ಯಾವ ತಾಯಿಯೂ ಮಗನಿಗೆ ಹೇಳಿದವಳಲ್ಲ. ಶಾಸ್ತ್ರಗ್ರಂಥಗಳ ಗದ್ಯದಲ್ಲಿ ಮಾತ್ರ ಉಳಿದಿದ್ದ ಆ ರೂಪವು ಇಂಗ್ಲಿಷು ಭಾಷಾಂತರದ ಅಭ್ಯಾಸದಿಂದ ಕಚೇರಿಯ ಕನ್ನಡಕ್ಕೂ ವೃತ್ತಪತ್ರಿಕೆಯ ಕನ್ನಡಕ್ಕೂ ಹೊಕ್ಕಿತು. ಹೀಗೆ ಇಂಗ್ಲಿಷಿನ ಪರೀಕ್ಷೆಯು ಕನ್ನಡದ ಬರವಣಿಗೆಯನ್ನೂ ತಿದ್ದಿತು ಅಥವಾ ಕೆಡಿಸಿತು.

ಕಾರಕದ ಪ್ರಶ್ನೆಯು ಇನ್ನೂ ವಿಚಿತ್ರವಾದುದು. ಇಂಗ್ಲಿಷಿನ ನಾಮಪದಕ್ಕೆ ಷಷ್ಠಿಯ ಒಂದು ಪ್ರತ್ಯಯವನ್ನು ಬಿಟ್ಟರೆ ವಿಭಕ್ತಿಯ ಗುರುತೇ ಉಳಿದಿಲ್ಲ. ಆದರೆ ಅದರ ವ್ಯಾಕರಣವನ್ನು ಮೊದಲಿಗೆ ಬರೆದವರು ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಅದನ್ನು ಎರೆದುದರಿಂದ, ಇಲ್ಲದ ವಿಭಕ್ತಿಗಳ ಹೆಸರುಗಳನ್ನು ಧಾರವಾಡದ ಹುಡುಗನೂ ತುಮಕೂರಿನ ಹುಡುಗನೂ ಬಾಯಿಪಾಠ ಮಾಡಬೇಕಾಯಿತು. ಪ್ರತ್ಯಯವನ್ನು ನೋಡಿ ಕಾರಕವನ್ನು ಹೇಳಲು ಕಲಿತವನಿಗೆ ಪ್ರತ್ಯಯವೇ ಇಲ್ಲದೆ ಕಾರಕವನ್ನು ಹೇಳೆಂದರೆ ಗತಿಯೇನು? ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಒಂದೊಂದು ಸೂತ್ರಕ್ಕೂ ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸಿದನು. ಲಕ್ಷ್ಯವು ಮುಂದೆ, ಲಕ್ಷಣವು ಹಿಂದೆ. ಮ್ಯಾಟ್ರಿಕ್ಯುಲೇಶನ್ನಿನ ಪತ್ರಿಕೆಯಲ್ಲಿ ಪ್ರಶ್ನೆಗೆಂದೇ ಕಟ್ಟಿದ ಬಿಡಿ ವಾಕ್ಯಗಳ ಮೇಲೆ ಲಕ್ಷಣವು ಆಳುತ್ತಿತ್ತು.

ಕಂಠಪಾಠವು ನಮ್ಮ ಪಾಠಶಾಲೆಗಳ ದೋಷವೆಂದು ವಿದ್ಯಾಖಾತೆಯ ಸಾಹೇಬರು ಬರೆದಿಟ್ಟಿರುವುದುಂಟು. ಆದರೆ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿಸುತ್ತಿದ್ದುದು ಮುಂದೆ ಕಾವ್ಯವನ್ನು ಓದುವುದಕ್ಕಾಗಿ. ಹಾಯಸ್ಕೂಲಿನ ಹುಡುಗನು ಇಂಗ್ಲಿಷು ಶಬ್ದದ ಸ್ಪೆಲ್ಲಿಂಗನ್ನೂ ಅರ್ಥವನ್ನೂ, ‘ಗೋ, ವೆಂಟ್, ಗಾನ್’ ಎಂಬ ಕ್ರಿಯಾರೂಪಗಳನ್ನೂ ಕಂಠಸ್ಥ ಮಾಡುತ್ತಿದ್ದುದು ಪರೀಕ್ಷೆಯ ಮೂರು ಗಂಟೆಗಳಿಗಾಗಿ. ಉಚ್ಚರಿಸಿದಂತೆ ಬರೆಯುವ ಲಿಪಿಯವನಿಗೆ ಉಚ್ಚಾರಕ್ಕೂ ಬರೆಹಕ್ಕೂ ಹೊಂದದ ಆ ಸ್ಪೆಲ್ಲಿಂಗು ಕಂಠಪಾಠದಿಂದಲ್ಲದೆ ಬರುವಂತೆಯೂ ಇರಲಿಲ್ಲ. ಕಂಠಪಾಠವನ್ನು ಹಳಿದವರೇ ಅದನ್ನು ಇಮ್ಮಡಿಸಿದರು.

ಇದರ ಫಲವನ್ನು ಸರಕಾರವೇ ಕಂಡುಕೊಂಡಿತು. 1902ರ ವಿಶ್ವವಿದ್ಯಾಲಯ ಕಮಿಶನ್ನಿನವರು, ಮ್ಯಾಟ್ರಿಕ್ಯುಲೇಶನ್ ಗೆದ್ದು ಕಾಲೇಜಿಗೆ ಬಂದ ಹುಡುಗರು ಅಲ್ಲಿನ ಇಂಗ್ಲಿಷು ಉಪನ್ಯಾಸಗಳನ್ನು ತಿಳಿಯಲಾರದವರಾಗಿದ್ದಾರೆಂದು ತಮ್ಮ ವರದಿಯಲ್ಲಿ ಒಪ್ಪಿಕೊಂಡರು. 1904ರ ಸರಕಾರಿ ನಿರ್ಣಯದಲ್ಲಿ ಕರ್ಜನ್ ಸಾಹೇಬರು, ಬಾಲಕನಿಗೆ ತನ್ನ ಮಾತೃಭಾಷೆಯಲ್ಲಿ ಬುನಾದಿ ಬೀಳುವ ಮೊದಲೇ ಇಂಗ್ಲಿಷನ್ನು ಹಿಡಿಸಬಾರದೆಂದು ಹೇಳಿದರು. 1911ರಲ್ಲಿ ಮದರಾಸಿನವರು ಹೊಸ ಲೀವಿಂಗ್ ಸರ್ಟಿಫಿಕೇಟನ್ನು ತಂದು, ವಿದ್ಯಾರ್ಥಿಯು ಶಾಲೆಯಲ್ಲಿ ಪಡೆದ ಅಂಕಗಳಿಗೂ ಅದರಲ್ಲಿ ಸ್ಥಾನ ಕೊಟ್ಟರು. ಬಳ್ಳಾರಿ ಮಂಗಳೂರುಗಳ ಕನ್ನಡ ಹುಡುಗರಿಗೆ ಅದರಿಂದ ಅನುಕೂಲವಾಯಿತು. ಅದೇ 1911ರಲ್ಲಿ ಇಂಗ್ಲಿಷಿನ ಅಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡಕ್ಕೆ ಬಂದು ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರೆಂಬುದು ಸ್ಮರಣೀಯ.

ಹಳ್ಳಿಯ ಒಕ್ಕಲ ಮಗನಿಗೆ ವ್ಯಾಕರಣಕ್ಕಿಂತ ಮೊದಲಿನ ತೊಡಕು ಅನ್ನದ್ದು. ಹಾಯಸ್ಕೂಲು ಇರುತ್ತಿದ್ದುದು ಜಿಲ್ಲೆಯ ಊರಿನಲ್ಲಿ. ಅಲ್ಲಿ ಉಳಿದುಕೊಳ್ಳಲು ಸ್ಥಳವೂ ಉಣ್ಣಲು ಮನೆಯೂ ಬೇಕು. ಒಮ್ಮೆ ಇಂಗ್ಲಿಷಿನಲ್ಲಿ ತಪ್ಪಿದರೆ ಇನ್ನೊಂದು ವರ್ಷದ ಖರ್ಚು. ತಪ್ಪಿದ ಹುಡುಗನು ಎರಡನೆಯ ಸಲ ಕೂಡುವನೋ ನೇಗಿಲಿಗೆ ಮರಳುವನೋ ಎಂಬುದು ತಂದೆಯ ಕಣಜವನ್ನು ಅವಲಂಬಿಸಿತ್ತು. ಈ ಕಷ್ಟವನ್ನು ಕಂಡು ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ದಪ್ಪನವರೂ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ಫಂಡನ್ನು ಕೂಡಿಸಿದರು. ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. 1916ರ ನವಂಬರದಲ್ಲಿ ಬೆಳಗಾವಿಯಲ್ಲಿ ತರುಣ ಪದವೀಧರರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಹಿರಿಯರಿಬ್ಬರ ಹೆಸರನ್ನು ಆ ಶಾಲೆಗೆ ಇಟ್ಟರು. 1917ರ ಸುಮಾರಿಗೆ ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರೂ, ತುಮಕೂರಿನ ಸಮೀಪದ ಸಿದ್ಧಗಂಗೆಯಲ್ಲಿ ಶ್ರೀ ಉದ್ಧಾನ ಶಿವಯೋಗಿಗಳವರೂ ವಿದ್ಯಾರ್ಥಿಗಳಿಗೆ ಉಚಿತ ಅನ್ನಾಶ್ರಯಗಳನ್ನು ಏರ್ಪಡಿಸಿದರು. ಜೋಳಿಗೆಯಲ್ಲಿ ಬಂದ ಜೋಳವೂ ರಾಗಿಯೂ ಹೀಗೆ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಗೆ ಸಂದುವು. ಇಂಗ್ಲಿಷು ಬಾರದ ಭಕ್ತನೊಬ್ಬನು ಕೊಟ್ಟ ಮೊರದ ಕಾಳಿನಿಂದ ಇನ್ನೊಬ್ಬ ಭಕ್ತನ ಮಗನು ಎರಡನೆಯ ಸಲ ಪರೀಕ್ಷೆಗೆ ಕೂಡುವಂತಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚದೆ ಹೇಳಬೇಕಾಗಿದೆ. ಮಠಗಳು ಅನ್ನವನ್ನು ಕೊಟ್ಟುವು, ಸ್ಥಳವನ್ನು ಕೊಟ್ಟುವು. ಆಂಗ್ಲ ವ್ಯಾಕರಣವನ್ನು ಕಲಿಸುವ ಹೊಣೆಯನ್ನು ಮಾತ್ರ ಶಾಲೆಗೇ ಬಿಟ್ಟುವು. ಒಂದೇ ಆವರಣದಲ್ಲಿ ಒಂದು ಪಡಸಾಲೆಯಲ್ಲಿ ಕಾರಕಪ್ರಕರಣದ ಪಾಠ ನಡೆಯುತ್ತಿರಲು, ಇನ್ನೊಂದು ಪಡಸಾಲೆಯಲ್ಲಿ ಹಾಯಸ್ಕೂಲಿನ ಹುಡುಗನು ನೆಸ್‌ಫೀಲ್ಡರ ಕಾರಕಗಳನ್ನು ಅರ್ಥವಾಗದೆ ಉರುಹೊಡೆಯುತ್ತಿದ್ದನು. ಆ ಎರಡು ಪಡಸಾಲೆಗಳ ನಡುವೆ ಯಾರಾದರೊಬ್ಬರು ನಡೆದುಬಂದು, ಇದು ನಿನಗೆ ಗೊತ್ತಿರುವ ಕರ್ತೃವೇ, ಇದು ಕರ್ಮವೇ ಎಂದು ಹೇಳಿದ್ದರೆ ಎಷ್ಟೋ ಮಕ್ಕಳ ವರ್ಷಗಳು ಉಳಿಯುತ್ತಿದ್ದುವು. ಪಂಡಿತರಿಗೆ ಇಂಗ್ಲಿಷು ಬಾರದು, ಮಾಸ್ತರರಿಗೆ ಕಾರಕಪ್ರಕರಣ ಬಾರದು. ಪ್ರಸಾದನಿಲಯಗಳು ಬಹುಕಾಲ ಗಂಡುಮಕ್ಕಳಿಗಾಗಿಯೇ ಇದ್ದುವೆಂಬುದನ್ನೂ ಇದರೊಡನೆ ನೆನೆಯಬೇಕು.

ಶಬ್ದಸಂಗ್ರಹದ ಕಡೆಗೆ ಬಂದರೆ, ಕನ್ನಡಿಗನಿಗೆ ಇಂಗ್ಲಿಷು ಶಬ್ದದ ಅರ್ಥವನ್ನು ತಿಳಿಸುವ ದೊಡ್ಡ ಕೋಶವನ್ನು ಮೊದಲು ಮುದ್ರಿಸಿದವರು ರೀವ್ ಪಾದ್ರಿಗಳು. ಅದು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕಿಟ್ಟೆಲರ ಮಹಾಕೋಶವು 1894ರಲ್ಲಿ ಮಂಗಳೂರಿನಲ್ಲಿ ಹೊರಬಂದಿತಾದರೂ ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಆದರೆ ಹುಡುಗನು ಯಾವ ಶಬ್ದಗಳನ್ನು ಮೊದಲು ಕಲಿಯಬೇಕೆಂಬ ಪ್ರಶ್ನೆಗೆ ಕೋಶಗಳು ಉತ್ತರ ಹೇಳಲಾರವು. ಅದನ್ನು ಎತ್ತಿಕೊಂಡವರಲ್ಲಿ ಢಾಕೆಯಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ ಎಂಬವರು ಮುಖ್ಯರು. ಬಂಗಾಳಿ ಮಕ್ಕಳು ವರ್ಷಾನುವರ್ಷ ಇಂಗ್ಲಿಷು ಕಲಿತರೂ ಒಂದು ಪುಸ್ತಕವನ್ನು ತಾವಾಗಿ ಓದಲಾರರೆಂಬುದನ್ನು ಕಂಡು, ಹೆಚ್ಚಾಗಿ ಬಳಕೆಯಾಗುವ ಶಬ್ದಗಳನ್ನೇ ಆರಿಸಿ ಅವರು ವಾಚನಮಾಲೆಯನ್ನು ರಚಿಸಿದರು. 1953ರಲ್ಲಿ ಸುಮಾರು 2000 ಶಬ್ದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅಮರಸಿಂಹನು ಶಬ್ದಗಳನ್ನು ಸ್ವರ್ಗವರ್ಗ, ವ್ಯೋಮವರ್ಗವೆಂದು ಅರ್ಥವನ್ನು ಹಿಡಿದು ಜೋಡಿಸಿದನು. ವೆಸ್ಟರು ಬಳಕೆಯನ್ನು ಹಿಡಿದು ಎಣಿಸಿದರು. ಇಬ್ಬರಿಗೂ ಶಬ್ದವು ಓದಿಗೆ ಸಾಧನವಾಗಿತ್ತು. ಪರೀಕ್ಷಕರಿಗೆ ಮಾತ್ರ ಅದು ಬಲೆಯಾಗಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಹಾಯಸ್ಕೂಲಿನ ಉಳಿದ ವಿಷಯಗಳ ಪಾಠವು ಬಹುಮಟ್ಟಿಗೆ ದೇಶಭಾಷೆಗೆ ಬಂದಿದ್ದುದರಿಂದ ಇಂಗ್ಲಿಷಿನ ಎರಡು ತೂಕಗಳಲ್ಲಿ ಒಂದು ಇಳಿಯಿತು. ಮುಂಬಯಿ ಪ್ರಾಂತದಲ್ಲಿ 1949ರಿಂದ ಮ್ಯಾಟ್ರಿಕ್ಯುಲೇಶನ್ನಿನ ಸ್ಥಾನಕ್ಕೆ ಎಸ್. ಎಸ್. ಸಿ. ಪರೀಕ್ಷೆಯು ಬಂದಿತು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯು ಶಿಕ್ಷಕರಿಗೆ ಹೊಸ ಪದ್ಧತಿಯನ್ನು ಕಲಿಸಿತು. 2007ರಿಂದ ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಪ್ರವೇಶಿಸಿತು. ಪಾರ್ಸಿಂಗ್ ಹೋಯಿತು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ ಬಂದಿತು. ಕರ್ತರಿ-ಕರ್ಮಣಿಗಳೂ ಪರೋಕ್ಷ ಮಾತೂ ಮಾತ್ರ ಹೋಗಿಲ್ಲ.

ಬೆಳಗಾವಿಯ ಸಂಸ್ಥೆಯನ್ನು ಕಟ್ಟಿದ ತರುಣರಲ್ಲಿ ಶಿ. ಶಿ. ಬಸವನಾಳರೂ ಒಬ್ಬರು. ಅವರು ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಸೇರಿ 1940ರಲ್ಲಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಜಂಗಮ, ಪ್ರಸಾದ, ದಾಸೋಹ ಎಂಬ ಶಬ್ದಗಳಿಗೆ ನೆಸ್‌ಫೀಲ್ಡರ ಪುಸ್ತಕದಲ್ಲಾಗಲಿ ಮ್ಯಾಟ್ರಿಕ್ಯುಲೇಶನ್ನಿನ ಭಾಷಾಂತರ ಪಾಠದಲ್ಲಾಗಲಿ ಅವರಿಗೆ ಪ್ರತಿಪದ ದೊರೆಯುವಂತಿರಲಿಲ್ಲ.