ಅಡುಗೆಮನೆಯ ಒಲೆ ಯಾರ ಆಯ್ಕೆ?

ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನ ಹೆಸರು ಹೊರಜಗತ್ತಿಗೆ ಗೊತ್ತಾದದ್ದು ಅಲ್ಲಿನ ಒಲೆಗಳಿಂದ. 1970ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆ ಸುತ್ತಿದರು. ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಬುಡ್ಡಿಗೆ ಎಷ್ಟು ಸೀಮೆಎಣ್ಣೆ ಬೇಕು, ಎತ್ತು ಎಷ್ಟು ಹೊತ್ತು ದುಡಿಯುತ್ತದೆ, ಹೆಂಗಸರು ಸೌದೆಗಾಗಿ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೆಲ್ಲ ಅಳೆದು ಬರೆದುಕೊಂಡರು. ಊರು ಬಳಸುವ ಒಟ್ಟು ಶಕ್ತಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಸೌದೆಯದೇ ಎಂದು ತಿಳಿಯಿತು. ಕರೆಂಟು, ಸೀಮೆಎಣ್ಣೆ, ಎತ್ತು, ಆಳು ಎಲ್ಲ ಸೇರಿ ಉಳಿದ ಒಂದು ಪಾಲು. ದೇಶವೆಲ್ಲ ಪೆಟ್ರೋಲ್ ಬೆಲೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಕಾಲವದು. ಪುರದ ಇಂಧನ ಸಮಸ್ಯೆ ಇದ್ದದ್ದು ಅಡುಗೆಮನೆಯ ಮೂಲೆಯಲ್ಲಿ.

ಆ ಮೂಲೆಯ ಒಲೆ ಮಣ್ಣಿನದು. ಮನೆಯ ಹೆಂಗಸರೇ ಹಾಕಿದ್ದು. ಬೆಳಿಗ್ಗೆ ಬೂದಿ ತೆಗೆದು ಸೆಗಣಿಯಲ್ಲಿ ಸಾರಿಸಿ, ಹಬ್ಬ ಬಂದರೆ ಕೆಮ್ಮಣ್ಣು ಬಳಿದು ರಂಗೋಲಿ ಎಳೆದ ಮೇಲೆಯೇ ಬೆಂಕಿ ಕಾಣುತ್ತಿತ್ತು. ಮುಂದೆ ಸೌದೆ ತುರುಕುವ ದೊಡ್ಡ ಬಾಯಿ, ಮೇಲೆ ಪಾತ್ರೆ ಕೂರಲು ಮೂರು ಉಬ್ಬು, ಪಕ್ಕಕ್ಕೆ ಕೋಡೊಲೆ. ದೊಡ್ಡ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟರೆ ಕೋಡೊಲೆಗೆ ಹಾಯುವ ಉರಿಯಲ್ಲಿ ಸಾರು ಕುದಿಯುತ್ತಿತ್ತು. ಪಾತ್ರೆಗೆ ಮಸಿ ಅಂಟದಿರಲಿ ಎಂದು ಹೊರಮೈಗೆ ಮೊದಲೇ ಒದ್ದೆ ಬೂದಿ ಬಳಿಯುತ್ತಿದ್ದರು. ತೊಳೆಯುವಾಗ ಬೂದಿಯ ಜೊತೆಗೆ ಮಸಿಯೂ ಬಿಟ್ಟು ಬರುತ್ತಿತ್ತು. ಕಣ್ಣಿಗೆ ಹೊಗೆ, ಕೈಗೆ ಊದುಗೊಳವೆ. ಇಷ್ಟು ಮಾಡಿಯೂ ಸೌದೆಯ ಶಾಖದಲ್ಲಿ ಪಾತ್ರೆಗೆ ದಕ್ಕುತ್ತಿದ್ದದ್ದು ನೂರಕ್ಕೆ ಹತ್ತರ ಆಸುಪಾಸು. ಉಳಿದದ್ದು ಗೋಡೆಗೆ, ಗಾಳಿಗೆ, ಅಡುಗೆಯವಳ ಮುಖಕ್ಕೆ.

ಹೊಗೆಯಿಲ್ಲದ ಒಲೆಯ ಯೋಚನೆ ಪುರದ ಸಮೀಕ್ಷೆಗಿಂತ ಹಳೆಯದು. 1953ರಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಲಕ್ಷಾಂತರ ಅಡುಗೆಮನೆಗಳ ಹೊಗೆ ಹೊರಹಾಕುವ ಬಗ್ಗೆ ಒಂದು ಪುಸ್ತಿಕೆಯನ್ನೇ ಬರೆದಿದ್ದರು. ಬೀದರ್, ಕಲಬುರಗಿ, ರಾಯಚೂರು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆದರೆ ಚಿಮಣಿ ಇಟ್ಟು ಹೊಗೆ ಹೊರಗಟ್ಟಿದ ಮಾತ್ರಕ್ಕೆ ಸೌದೆ ಉಳಿಯುವುದಿಲ್ಲ. ಗಾಳಿಯ ಸೆಳೆತ ಜಾಸ್ತಿಯಾದರೆ ಶಾಖವೂ ಚಿಮಣಿಯ ದಾರಿಯನ್ನೇ ಹಿಡಿಯುತ್ತದೆ.

ಅದನ್ನು ಲೆಕ್ಕ ಹಾಕಿ ಕಟ್ಟಿದ್ದು ಅಸ್ತ್ರ ಒಲೆ. ಹಳ್ಳಿಗೆ ಬೇಕಾದ ವಿಜ್ಞಾನಕ್ಕೆಂದು 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಶುರು ಮಾಡಿದ ಘಟಕ ‘ಅಸ್ತ್ರ’. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ರೂಪಿಸಿದ ಈ ಒಲೆಯಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ, ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಬೇಕಾದಷ್ಟೇ ಗಾಳಿ. ಸಾಲಾಗಿ ಮೂರು ಪಾತ್ರೆ. ಬಿಸಿಗಾಳಿ ಒಂದರ ತಳ ಸವರಿಕೊಂಡು ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ ಕೊನೆಗೆ ಚಿಮಣಿ ಸೇರುತ್ತದೆ. ಮೊದಲ ಎರಡರಲ್ಲಿ ಅಡುಗೆ, ಮೂರನೆಯದರಲ್ಲಿ ಬಿಸಿನೀರು. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇಕಡ 40 ದಾಟಿತು. ಮಣ್ಣು, ಇಟ್ಟಿಗೆ, ಕಬ್ಬಿಣದ ಜಾಲರಿ, ಒಂದು ಕೊಳವೆ ಇದ್ದರೆ ಸಾಕು, ತರಬೇತಿ ಪಡೆದವರು ಕಟ್ಟಿಕೊಡುತ್ತಿದ್ದರು. ಕನ್ನಡ ನಾಡಿನಲ್ಲಿ ಹುಟ್ಟಿದ ಯಂತ್ರವಿದ್ಯೆಯ ಪಟ್ಟಿ ಮಾಡುವವರು ರಾಕೆಟ್ಟು, ವಿಮಾನಗಳ ಸಾಲಿನಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಆದರೂ ಒಲೆ ಹಳ್ಳಿಯಲ್ಲಿ ಸುಲಭವಾಗಿ ನಿಲ್ಲಲಿಲ್ಲ. ಗೂಡಿನ ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಬೇಕು. ಪಾತ್ರೆ ತೂತಿಗೆ ಸರಿಯಾಗಿ ಕೂರದಿದ್ದರೆ ಸಂದಿಯಲ್ಲಿ ಹೊಗೆ. ಚಿಮಣಿಯ ಮಸಿ ಕೆರೆಯುವವರು ಯಾರು? ಹೆಂಚಿನ ಮಾಡು, ಹುಲ್ಲಿನ ಮಾಡುಗಳ ಮನೆಯಲ್ಲಿ ಹೊಗೆಗೂ ಕೆಲಸವಿತ್ತು. ತೊಲೆ, ಗಳುಗಳಿಗೆ ಹುಳು ಹಿಡಿಯದಂತೆ, ಅಟ್ಟದ ಮೇಲಿನ ಬಿತ್ತನೆ ಕಾಳು ಕೆಡದಂತೆ ಅದು ಕಾಯುತ್ತಿತ್ತು. ಆ ಹೊಗೆಯನ್ನು ಹೊರಹಾಕುವುದು ಲಾಭವೋ ನಷ್ಟವೋ ಎಂದು ಹಿರಿಯರು ಕೇಳಿದ್ದರಲ್ಲಿ ಅರ್ಥವಿತ್ತು. 1980ರ ದಶಕದ ಮಧ್ಯದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹಮ್ಮಿಕೊಂಡು, 2002ರಲ್ಲಿ ಅದು ಮುಗಿಯುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿತ್ತು. ಕಟ್ಟಿದ ಒಲೆಗಳ ಲೆಕ್ಕ ಕಡತದಲ್ಲಿ ಅಚ್ಚುಕಟ್ಟಾಗಿತ್ತು. ಕೆಟ್ಟಾಗ ರಿಪೇರಿ ಮಾಡುವವರು ಮಾತ್ರ ಊರಲ್ಲಿರಲಿಲ್ಲ. ಪುರದಲ್ಲೇ ಇನ್ನೊಂದು ಪ್ರಯತ್ನವೂ ನಡೆಯಿತು. ಊರಿನ ಸೆಗಣಿಯನ್ನೆಲ್ಲ ಒಟ್ಟುಗೂಡಿಸಿ ಮನೆಮನೆಗೆ ಗೊಬ್ಬರ ಗ್ಯಾಸ್ ಕೊಡುವ ಯೋಜನೆ ಅದು. ಎಲ್ಲರ ಅಡುಗೆಗೆ ಆಗುವಷ್ಟು ಸೆಗಣಿ ಸಿಗಲಿಲ್ಲ. 1987ರಿಂದ ಅದೇ ಗ್ಯಾಸ್ ಎಂಜಿನ್ ಓಡಿಸಿ ಊರಿಗೆ ದೀಪ, ನೀರು ಕೊಟ್ಟಿತು. ಅಡುಗೆ ಮತ್ತೆ ಸೌದೆಗೇ ಬಿತ್ತು.

ಪೇಟೆಯ ಕತೆ ಬೇರೆ. ಅಲ್ಲಿ ಸೌದೆ ಡಿಪೋದಿಂದ ದುಡ್ಡು ಕೊಟ್ಟು ತರಬೇಕು. ಹಾಗಾಗಿ ಬೆಂಗಳೂರು, ಮೈಸೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಒಂದೇ ಒಲೆ ನಂಬಿಕೊಂಡವರು ಕಡಿಮೆ. ಕಾಫಿಗೆ ಇದ್ದಿಲೊಲೆ (ಉತ್ತರ ಕರ್ನಾಟಕದವರಿಗೆ ಶೇಗಡಿ), ಅನ್ನಕ್ಕೆ ಸೌದೆ, ಬೇಳೆಗೆ ಹೊಟ್ಟಿನ ಒಲೆ. ಈ ಹೊಟ್ಟಿನ ಒಲೆಯದು ನೋಡುವಂಥ ಕುಶಲತೆ. ತಗಡಿನ ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಬುಡದ ತೂತಿನಿಂದ ಇನ್ನೊಂದನ್ನು ಅಡ್ಡಕ್ಕೆ ತೂರಿಸಿ, ಸುತ್ತ ಸಾಮಿಲ್ಲಿನ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ ಅದುಮುವುದು. ಆಮೇಲೆ ಎರಡೂ ಬಾಟಲಿಗಳನ್ನು ತಿರುಗಿಸುತ್ತ ಹುಷಾರಾಗಿ ಹೊರಗೆಳೆದರೆ ಗಾಳಿಗೆ ದಾರಿಯಾಯಿತು. ಕೆಳಗೆ ಕಿಡಿ ತಾಗಿಸಿದರೆ ಗಂಟೆಗಟ್ಟಲೆ ಒಂದೇ ಹದದ ಉರಿ. ಹೊಟ್ಟು ಸಡಿಲವಾಗಿದ್ದರೆ ನಡುವೆ ಕುಸಿದು, ಮನೆತುಂಬ ಹೊಗೆ.

ಸೀಮೆಎಣ್ಣೆ ಸ್ಟವ್ ಬಂದದ್ದು ಬೇಗ ಹೊತ್ತಿಕೊಳ್ಳುತ್ತದೆಂಬ ಆಕರ್ಷಣೆಯಿಂದ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಪಂಪ್ ಸ್ಟವ್ ಲೋಕವೆಲ್ಲ ಸುತ್ತಿ ನಮ್ಮ ಒಂಟಿ ಕೋಣೆಯ ಬಾಡಿಗೆ ಮನೆಗಳನ್ನೂ ಸೇರಿತು. ಬಟ್ಟಲಿಗೆ ಸ್ಪಿರಿಟ್ ಸುರಿದು ಹೊತ್ತಿಸಿ, ಬರ್ನರ್ ಕಾದ ಮೇಲೆ ಪಂಪ್ ಹೊಡೆದು, ಉರಿ ಕೆಂಪಾದರೆ ಪಿನ್ ಚುಚ್ಚಬೇಕು. ಅದರ ಭೋರೆನ್ನುವ ಸದ್ದಿನಲ್ಲಿ ಬಾಗಿಲು ಬಡಿದದ್ದೂ ಕೇಳುತ್ತಿರಲಿಲ್ಲ. ಆಮೇಲೆ ಸದ್ದಿಲ್ಲದ ಬತ್ತಿ ಸ್ಟವ್‌ಗಳು ಬಂದವು. ಇಂಡಿಯನ್ ಆಯಿಲ್ ಕಂಪನಿಯೇ ‘ನೂತನ್’ ಎಂಬ ಬತ್ತಿ ಸ್ಟವ್ ರೂಪಿಸಿತು. ಎಣ್ಣೆ ಮಾತ್ರ ರೇಷನ್ ಕಾರ್ಡಿಗೆ, ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ. ಇದೇ ಸ್ಟವ್‌ಗೆ ಒಂದು ಕರಾಳ ಮುಖವೂ ಇದೆ. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಮಾಮೂಲಾಗಿದ್ದ ಕಾಲದಲ್ಲಿ, ಸಿಡಿಯುವ ಸ್ಟವ್‌ಗಳು ಎಳೆಯ ಸೊಸೆಯರನ್ನೇ ಹುಡುಕಿಕೊಂಡು ಹೋಗುವುದೇಕೆ ಎಂಬ ಪ್ರಶ್ನೆ ಎದ್ದಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ‘ವಿಮೋಚನಾ’ ಮಹಿಳಾ ಸಂಘಟನೆ ಅಡುಗೆಮನೆಯ ಅಪಘಾತವೆಂದು ಮುಚ್ಚಿಹೋಗುತ್ತಿದ್ದ ಇಂಥ ಸಾವುಗಳ ಬೆನ್ನು ಹತ್ತಿತು.

ಗ್ಯಾಸ್ 1955ರಲ್ಲಿ ಬರ್ಮಾ ಶೆಲ್ ಕಂಪನಿಯ ಮೂಲಕ ಮುಂಬೈಗೆ ಬಂತು. 1965ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದಲ್ಲಿ ‘ಇಂಡೇನ್’ ಶುರುವಾಯಿತು. ಆದರೆ ಬೇಕೆಂದ ದಿನ ಸಿಗುವ ವಸ್ತುವಾಗಲು ಅದಕ್ಕೆ ಇನ್ನೂ ಮೂರು ದಶಕ ಹಿಡಿಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು, ಸಂಸದರ ಕೋಟಾದ ಕೂಪನ್‌ಗಾಗಿ ಯಾರನ್ನೋ ಹಿಡಿಯುವುದು, ಮದುವೆಯಾದ ಮಗಳಿಗೆ ತವರಿನ ಎರಡನೇ ಸಿಲಿಂಡರ್ ಸಾಗಿಸುವುದು ಇವೆಲ್ಲ 1980ರ ದಶಕದ ಸಂಸಾರಗಳಿಗೆ ಚೆನ್ನಾಗಿ ಗೊತ್ತು. ಗ್ಯಾಸಿನ ಅನ್ನಕ್ಕೆ ರುಚಿಯಿಲ್ಲ, ಶ್ರಾದ್ಧದ ಅಡುಗೆಗೆ ಅದು ಸಲ್ಲದು ಎಂದವರೂ ಇದ್ದರು. ಅಂಥವರ ಮನೆಯಲ್ಲಿ ಹಿತ್ತಲಿನ ಸೌದೆ ಒಲೆ ಹಾಗೆಯೇ ಉಳಿಯಿತು.

ಗ್ಯಾಸ್ ತಂದ ದೊಡ್ಡ ಬದಲಾವಣೆ ಉರಿಗೆ ಸಂಬಂಧಿಸಿದ್ದಲ್ಲ. ಸಿಲಿಂಡರ್‌ಗಿಂತ ಒಲೆ ಎತ್ತರದಲ್ಲಿರಬೇಕು ಎಂಬುದು ಸುರಕ್ಷತೆಯ ನಿಯಮ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ನೆಲದ ಮೇಲೆ ಕೂತು ಅಡುಗೆ ಮಾಡುತ್ತಿದ್ದ ಮನೆಗಳೂ ಕನೆಕ್ಷನ್‌ಗೆ ಮುಂಚೆ ಇಟ್ಟಿಗೆ ಪೇರಿಸಿ, ಕಡಪ ಕಲ್ಲಿನ ಚಪ್ಪಡಿ ಹಾಸಿ, ಸೊಂಟದೆತ್ತರದ ಕಟ್ಟೆ ಕಟ್ಟಿಸಿದವು. ಅನುಕೂಲಸ್ಥರ ಮನೆಗಳಲ್ಲಿ ಕಟ್ಟೆಯೊಲೆ ಮೊದಲೇ ಇತ್ತು, ನಿಜ. ಆದರೆ ಸಾಮಾನ್ಯರ ಮನೆಯ ಹೆಂಗಸರನ್ನು ಸಾಮೂಹಿಕವಾಗಿ ಎಬ್ಬಿಸಿ ನಿಲ್ಲಿಸಿದ್ದು ಈ ಸಿಲಿಂಡರ್. ಈಳಿಗೆ ಮಣೆ ಮೂಲೆ ಸೇರಿ ಚಾಕು ಬಂದದ್ದು, ಒರಳಿನ ಜಾಗಕ್ಕೆ ಮಿಕ್ಸಿ ಬಂದದ್ದು, ಮಸಿ ಹಿಡಿಯದ ಸ್ಟೀಲ್ ಪಾತ್ರೆಗಳು ಗೋಡೆಯ ಮೇಲೆ ಸಾಲಾಗಿ ನಿಂತದ್ದು ಎಲ್ಲ ಆ ಕಟ್ಟೆಯ ಆಸುಪಾಸಿನಲ್ಲಿಯೇ. ಬಡವರ ಮನೆಗೆ ಗ್ಯಾಸ್ ತಲುಪಿದ್ದು ತೀರ ತಡವಾಗಿ, 2016ರ ಉಜ್ವಲ ಯೋಜನೆ ಮತ್ತು ಅದರ ಬೆನ್ನಿಗೇ ಬಂದ ಕರ್ನಾಟಕದ ಅನಿಲಭಾಗ್ಯದ ನಂತರ.

ಹೀಗೆ ನೋಡಿದರೆ ಒಲೆಯನ್ನು ಅಡುಗೆ ಮಾಡುವವರು ಆರಿಸಿದ್ದು ಅಪರೂಪ. ಕಾಡು, ಡಿಪೋ, ರೇಷನ್ ಅಂಗಡಿ, ಗ್ಯಾಸ್ ಏಜೆನ್ಸಿ ಯಾವುದನ್ನು ಬಾಗಿಲಿಗೆ ತಂದವೋ ಅದಕ್ಕೆ ತಕ್ಕ ಒಲೆ. ಬುದ್ಧಿಪೂರ್ವಕವಾಗಿ ಸೌದೆಯನ್ನೇ ಇಟ್ಟುಕೊಂಡವರೂ ಇದ್ದಾರೆ. ಉಡುಪಿಯ ಕೃಷ್ಣಮಠದಲ್ಲಿ ಎರಡು ವರ್ಷಕ್ಕೊಮ್ಮೆ ಪೂಜೆಯ ಪರ್ಯಾಯ ಬದಲಾಗುವ ಮುನ್ನ ಬಾಳೆ, ಅಕ್ಕಿ, ಭತ್ತದ ಮುಹೂರ್ತಗಳ ಜೊತೆಗೆ ಕಟ್ಟಿಗೆ ಮುಹೂರ್ತವೂ ನಡೆಯುತ್ತದೆ. ಮಠದ ಅಡುಗೆಯ ಸೌದೆಯನ್ನು ತೇರಿನ ಆಕಾರದಲ್ಲಿ ಒಟ್ಟುತ್ತಾರೆ.

ಬಾಗಿಲಿಗೆ ಬಂದದ್ದಕ್ಕೆ ತಕ್ಕ ಒಲೆ ಎಂಬ ಮಾತಿಗೆ ಇಂಡಕ್ಷನ್ ಕೂಡ ಹೊರತಲ್ಲ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ 1970ರ ದಶಕದ ಮೊದಲಲ್ಲೇ ಇದನ್ನು ಪ್ರದರ್ಶಿಸಿತ್ತು. ನಮ್ಮ ಮಧ್ಯಮ ವರ್ಗ ಅದರತ್ತ ನಿಜವಾಗಿ ತಿರುಗಿ ನೋಡಿದ್ದು 2012ರ ಸೆಪ್ಟೆಂಬರ್‌ನಲ್ಲಿ, ಸಬ್ಸಿಡಿ ಸಿಲಿಂಡರ್ ವರ್ಷಕ್ಕೆ ಆರೇ ಎಂದು ಸರ್ಕಾರ ಹೇಳಿದಾಗ. ಆ ಮಿತಿ ಮುಂದೆ ಒಂಬತ್ತಾಗಿ, 2014ರಲ್ಲಿ ಹನ್ನೆರಡಾಯಿತು. ಅಷ್ಟರಲ್ಲಿ ಒಲೆ ಮನೆಗೆ ಬಂದಾಗಿತ್ತು. ಗಾಜಿನ ಕೆಳಗಿನ ತಾಮ್ರದ ಸುರುಳಿ ಪಾತ್ರೆಯ ತಳವನ್ನೇ ಕಾಯಿಸುವುದರಿಂದ ಶಾಖ ಪೋಲಾಗುವುದು ಕಡಿಮೆ. ಆದರೆ ಅಯಸ್ಕಾಂತ ಅಂಟದ ಪಾತ್ರೆ ಅದರ ಮೇಲೆ ಕಾಯುವುದೇ ಇಲ್ಲ. ಅಜ್ಜಿಯ ಹಿತ್ತಾಳೆ ಪಾತ್ರೆ, ಅಲ್ಯೂಮಿನಿಯಂ ಕುಕ್ಕರ್, ತಳ ಗುಂಡಗಿರುವ ಬಾಣಲೆ ಮೂಲೆ ಸೇರಿದವು.

ಈಗ ಹೊಸ ಫ್ಲ್ಯಾಟಿನವರ ಮುಂದೆ ನಿಜಕ್ಕೂ ಆಯ್ಕೆಯಿದೆ: ಸ್ಟೀಲಿನ ಗ್ಯಾಸ್ ಒಲೆ, ಗಾಜಿನ ಮೇಲ್ಮೈಯದು, ಗ್ರಾನೈಟ್ ಕೊರೆದು ಕೂರಿಸುವ ಹಾಬ್, ಇಂಡಕ್ಷನ್. ಅಂಗಡಿಯವರು ಹಾಬ್‌ನ ಅಂದ ತೋರಿಸುತ್ತಾರೆ. ಒರೆಸಲು ಅದು ಸುಲಭ, ಉರಿ ನಂದಿದರೆ ತಾನೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಕೆಲವದರಲ್ಲಿದೆ, ಅದು ಒಳ್ಳೆಯದೇ. ಆದರೆ ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದು, ಮೈಭಾರವೆಲ್ಲ ಹಾಕಿ ಮುದ್ದೆ ತೊಳಸುವ ಮನೆಗೆ ಗಾಜು ಒಗ್ಗುವುದಿಲ್ಲ. ಹಂಚಿನಿಂದ ಎತ್ತಿ ಉರಿಯ ಮೇಲೆ ಉಬ್ಬಿಸುವ ಜೋಳದ ರೊಟ್ಟಿಗೆ ಇಂಡಕ್ಷನ್ ನಿರುಪಯೋಗಿ. ಬೆಂಗಳೂರಿನ ಪೈಪ್ ಗ್ಯಾಸ್ ಬಡಾವಣೆಗಳಲ್ಲಿ ಸಿಲಿಂಡರಿನ ಒಲೆ ಬಳಸಬೇಕಾದರೆ ನಾಜಲ್ ಬದಲಿಸಬೇಕು. ನೈಸರ್ಗಿಕ ಅನಿಲಕ್ಕೆ ಬೇಕಾದ ತೂತು ದೊಡ್ಡದು. ಇಂಡಕ್ಷನ್‌ಗೆ ಕರೆಂಟಿನ ಲೆಕ್ಕವೂ ಬೇಕು. 2023ರ ಆಗಸ್ಟ್‌ನಿಂದ ಜಾರಿಯಾದ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡ 10ರಷ್ಟನ್ನು ಸೇರಿಸಿ ಉಚಿತ ಯೂನಿಟ್ ಲೆಕ್ಕ ಹಾಕಿತು. ಎರಡು ಸಾವಿರ ವ್ಯಾಟ್‌ನ ಇಂಡಕ್ಷನ್ ಪೂರ್ತಿ ಉರಿಯಲ್ಲಿ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ಹೊಸದಾಗಿ ಅದಕ್ಕೆ ಬದಲಾದವರಿಗೆ ಬಿಲ್ಲು ಬರುವುದು ಇದೇ ಕಾರಣಕ್ಕೆ.

ಸದ್ಯಕ್ಕೆ ಕನ್ನಡ ನಾಡಿನ ಅಡುಗೆಗೆ ಹೊಂದುವುದು ಗಟ್ಟಿ ಸ್ಟೀಲಿನ ಎರಡು ಬರ್ನರ್ ಗ್ಯಾಸ್ ಒಲೆ, ಪಕ್ಕದಲ್ಲಿ ಹಾಲು, ಕುಕ್ಕರ್‌ಗೆಂದು ಒಂದು ಬಿಡಿ ಇಂಡಕ್ಷನ್. ಗ್ರಾನೈಟ್ ಕೊರೆಸಲೇಬೇಕು ಎನ್ನುವವರು ಮೊದಲು ತಮ್ಮ ಮನೆಗೆ ಬರುವುದು ಯಾವ ಗ್ಯಾಸ್ ಎಂದು ವಿಚಾರಿಸಿ, ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿಕೊಳ್ಳಲಿ.